ಕರಿ ಕಂಬಳಿಯ ಕೋಟು

ನಮ್ಮ ಮನೆಯ ಮದುವೆ ಕಂಬಳಿಯನ್ನು ಕಳೆದವನು ನನ್ನ ಮೈದುನ ಹಾಲೇಶನಲ್ಲ. ಅವನು ಅದನ್ನು ಜೋಪಾನವಾಗಿ ತಂದು ನನ್ನ ಕೈಗೇ ಕೊಟ್ಟಿದ್ದ. ನಾನು ಅದನ್ನು ಕತ್ತರಿಸಿ ಕೋಟು ಹೊಲಿದೆ. ಆಮೇಲೆ ನಾಲ್ಕು ಜನ ಕೇಳಿದಾಗ, ಅವನ ಎದುರಿಗೇ ನಿಂತು, ಅವನು ಕೊಡಲೇ ಇಲ್ಲ ಎಂದೆ.

ನೋಡಿ, ಹೇಳಿದರೆ ಇಷ್ಟೇ ಮಾತು. ಇದನ್ನು ನುಂಗಿಕೊಂಡು ಎಷ್ಟು ಕಾಲ ಕಳೆದೆನೆಂದರೆ, ಹಾಲೇಶನಿಗೆ ಮದುವೆಯಾದದ್ದು ಆ ವರ್ಷ, ಈ ವರ್ಷ ಅವನ ಮಗಳಿಗೇ ಮದುವೆಯಾಯಿತು.

ಕೋಟೇ? ಅದೂ ಹೊಸಪೇಟೆಯಲ್ಲೇ? ಎಂದು ನಗುತ್ತೀರಿ. ನಗಿ, ನಗುವಂಥದ್ದೇ. ನಮ್ಮೂರಲ್ಲಿ ಇರುವುದು ಮೂರು ಕಾಲ: ಬೇಸಿಗೆ, ಕಡು ಬೇಸಿಗೆ, ಮತ್ತೆ ಪೆಟ್ಟಿಗೆಯಿಂದ ಸ್ವೆಟರ್ ತೆಗೆಯೋಣವೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಮುಗಿದುಹೋಗುವ ಚಳಿಗಾಲ. ಅಂಥ ಊರಲ್ಲಿ ಕೂತು ಹಿಮ ಬೀಳುವ ದೇಶದ ಉಡುಪಿಗೆ ಮನಸೋತವಳು ನಾನು. ಯಾರೂ ಕೋಟು ಬೇಕೆಂದು ಕೇಳಿರಲಿಲ್ಲ. ಯಾರೂ ಆರ್ಡರ್ ಕೊಟ್ಟಿರಲಿಲ್ಲ. ನನ್ನದೇ ಆಸೆ, ನನ್ನದೇ ಕೈ.

ನಾನು ಗಂಗಮ್ಮ, ಟೇಲರು. ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ನು. ಬ್ಲೌಸು, ಲಂಗ, ಚೂಡಿದಾರ, ಸೀರೆಗೆ ಫಾಲು — ಇದೇ ನನ್ನ ಪ್ರಪಂಚ. ಗಂಡ ಬೀರಪ್ಪ ಹೊಸಪೇಟೆಯಿಂದ ಹಂಪಿಗೆ ಆಟೋ ಓಡಿಸುತ್ತಿದ್ದ. ಅದು ಗಣಿಯ ಕಾಲ. ಹಗಲೂ ರಾತ್ರಿ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು, ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ದೊಡ್ಡ ಕಾರಿನಿಂದ ಇಳಿಯುತ್ತಿದ್ದ. ಬೆಳಗ್ಗೆ ಒಣಹಾಕಿದ ಬಿಳಿ ಲುಂಗಿ ಸಂಜೆಗೆ ಅದಿರಿನ ಧೂಳು ಕುಡಿದು ಕಾವಿಯಾಗುತ್ತಿತ್ತು. 'ಮನೀಗೊಬ್ಬ ಸ್ವಾಮಿ ಆಗ್ಯಾನ ನೋಡು' ಎಂದು ಬೀರಪ್ಪ ತನ್ನ ಲುಂಗಿ ತೋರಿಸಿ ನಗುತ್ತಿದ್ದ.

ಒಂದು ದಿನ ಯಾವಳೋ ವಿದೇಶಿ ಹೆಂಗಸು ಅವನ ಆಟೋದಲ್ಲಿ ಒಂದು ದಪ್ಪ ಪುಸ್ತಕ ಬಿಟ್ಟು ಇಳಿದುಹೋಗಿದ್ದಳು. 'ಹಿಡಿ, ನಿನಗ ಡಿಸೈನ್ ಬುಕ್ಕು' ಎಂದು ತಂದು ನನ್ನ ಮಷಿನ್ನಿನ ಮೇಲೆ ಹಾಕಿದ. ದೀಪಾವಳಿ ಸಂಚಿಕೆಯಷ್ಟು ದಪ್ಪ, ನುಣುಪು ಕಾಗದ. ಇಂಗ್ಲಿಷ್ ನನಗೆ ಬಾರದು. ಪಕ್ಕದ ಮನೆಯ ಮೇಷ್ಟರು ಓದಿ ಹೇಳಿದರು — ಎಲೆ ಉದುರುವ ಕಾಲಕ್ಕೆ, ಚಳಿಗಾಲಕ್ಕೆ ಎಂದು ದೊಡ್ಡ ದೊಡ್ಡ ಡಿಸೈನರುಗಳು ಮಾಡಿದ ಉಡುಪುಗಳಂತೆ ಇವು.

ನಾನು ಪುಟ ತಿರುಗಿಸಿದೆ. ಅಯ್ಯೋ ಶಿವನೇ! ಒಂದು ಕೋಟಿನ ಕಾಲರು ಮೊರದಷ್ಟು ಅಗಲವಾಗಿ ಎದ್ದು ಕಿವಿಯನ್ನು ಮುಚ್ಚಿತ್ತು. ಇನ್ನೊಂದು ಒಣಗಿದ ತೇಗದ ಎಲೆಯ ಬಣ್ಣ, ಒಂದರ ಮೇಲೊಂದು ಪದರು ಪದರಾಗಿ ಪಾದದ ತನಕ ಇಳಿದಿತ್ತು. ಮತ್ತೊಂದು ಕಪ್ಪು. ಬರೀ ಕಪ್ಪು. ಗುಂಡಿಯಿಲ್ಲ, ಜರಿಯಿಲ್ಲ, ಕಸೂತಿಯಿಲ್ಲ. ನೆಟ್ಟಗಿನ ಭುಜ, ಬೆನ್ನ ಮೇಲೆ ಕುತ್ತಿಗೆಯಿಂದ ಅಂಚಿನವರೆಗೂ ಇಳಿದ ಒಂದೇ ಒಂದು ಮಡಿಕೆ. ಆ ಮಡಿಕೆ ನನ್ನ ತಲೆ ಕೆಡಿಸಿಬಿಟ್ಟಿತು. ಅದು ಯಾವ ಆಧಾರದ ಮೇಲೆ ಹಾಗೆ ನಿಂತಿದೆ, ಬಟ್ಟೆಯ ಎಳೆಯನ್ನು ಯಾವ ದಿಕ್ಕಿಗೆ ಇಟ್ಟು ಕತ್ತರಿಸಿದ್ದಾರೆ — ಅನ್ನಕ್ಕಿಟ್ಟು ಇದನ್ನೇ ಯೋಚಿಸುತ್ತ ನಿಂತು ಅನ್ನ ಸೀದುಹೋದದ್ದುಂಟು.

ಬೀರಪ್ಪನಿಗೆ ಕಾಟ ಕೊಟ್ಟು ಆಟೋದಲ್ಲಿ ಹಂಪಿಗೆ ಹೋದೆ. ಹುಟ್ಟಿದಾಗಿನಿಂದ ನೋಡಿದ ಹಂಪಿಯೇ. ಆದರೆ ಅವತ್ತು ಕಂಬಗಳ ಮೇಲಿನ ಹೆಣ್ಣುಗಳ ನಿರಿಗೆಯನ್ನಷ್ಟೇ ನೋಡುತ್ತ ತಿರುಗಿದೆ. ಇಲ್ಲಿ ಕಲ್ಲುಕುಟಿಗ ಕಲ್ಲಿನಲ್ಲಿ ಬಟ್ಟೆ ಮಾಡಿದ್ದ, ಅಲ್ಲಿ ಆ ದೇಶದ ಟೇಲರು ಬಟ್ಟೆಯಲ್ಲಿ ಶಿಲ್ಪ ಮಾಡಿದ್ದ. ಎರಡೂ ಒಂದೇ ಕೆಲಸ ಅನ್ನಿಸಿತು. ಬ್ಲೌಸು ಹೊಲಿಯುವವಳು ಇಂಥದ್ದನ್ನೆಲ್ಲ ಯೋಚಿಸುತ್ತಾಳೆಂದು ಹೇಳಿದರೆ ಯಾರಾದರೂ ನಂಬುತ್ತಾರೆಯೇ? ನಾನು ಯಾರಿಗೂ ಹೇಳಲಿಲ್ಲ.

ಟೆರಿಕಾಟಿನಲ್ಲಿ ಹೊಲಿದು ನೋಡಿದೆ, ವೆಲ್ವೆಟ್ಟಿನಲ್ಲಿ ಹೊಲಿದು ನೋಡಿದೆ. ಮಡಿಕೆ ಜೋಲು ಬಿತ್ತು. ಅಷ್ಟರಲ್ಲಿ ನನ್ನಲ್ಲಿ ಬ್ಲೌಸು ಹೊಲಿಸುತ್ತಿದ್ದ ಒಬ್ಬ ಗಣಿ ಸಾವ್ಕಾರರ ಸೊಸೆ, ಹಿಮದ ದೇಶದಲ್ಲಿ ಕೊಂಡ ನಿಜವಾದ ಡಿಸೈನರ್ ಕೋಟನ್ನೇ ತಂದಳು. ಒಳಗಿನ ಅಸ್ತರು ಬಿಟ್ಟುಕೊಂಡಿತ್ತು. 'ಗಂಗಕ್ಕಾ, ಭಾಳ ಜ್ವಾಕಿ ರೀ ಇದು' ಎಂದು ಹತ್ತು ಸಲ ಹೇಳಿ ಹೋದಳು. ಅಸ್ತರನ್ನು ಇನ್ನಷ್ಟು ಬಿಚ್ಚಿ ಒಳಗೆ ನೋಡಿದೆ. ಕಾಲರಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಸಾಲು ಸಾಲಾಗಿ ಕೈಹೊಲಿಗೆ. ಯಾರೋ ಕೂತು ಒಂದೊಂದನ್ನೂ ಪ್ರೀತಿಯಿಂದ ಹಾಕಿದ್ದರು. ಕಣ್ಣಲ್ಲಿ ನೀರು ಬಂತು. ಕೋಟನ್ನು ಮುಖದ ಹತ್ತಿರ ತಂದೆ. ಉಣ್ಣೆಯ ವಾಸನೆ. ಅದು ಎಲ್ಲೋ ಗೊತ್ತಿದ್ದ ವಾಸನೆ — ಹೌದು, ನನ್ನ ಮದುವೆಯ ದಿನದ್ದು.

ನನ್ನ ಗಂಡನ ಮನೆಯವರು ಸಂಡೂರಿನ ಕಡೆ ಚೋರನೂರಿನವರು, ಕುರಿ ಸಾಕಿದ ಮನೆತನ. ಅವರ ಅಜ್ಜ ತಮ್ಮದೇ ಕುರಿಗಳ ಕಪ್ಪು ಉಣ್ಣೆ ಕತ್ತರಿಸಿ ನೇಯಿಸಿದ ಒಂದು ಕಂಬಳಿ ಇತ್ತು. ಮನೆಯಲ್ಲಿ ಮದುವೆ ಎಂದರೆ ಅದನ್ನು ಹಾಸಿ, ಮೇಲೆ ಅಕ್ಕಿ ಹೊಯ್ದು, ಮದುಮಕ್ಕಳನ್ನು ಕೂಡಿಸಬೇಕು. ಉಳಿದ ದಿನಗಳಲ್ಲಿ ಅದು ದೇವರ ಜಗಲಿಯ ಮೇಲೆ. ಮಾತಿಗೆ ಮಾತು ಬಂದು ಜಗಳವಾದರೆ ಅದನ್ನು ಮುಟ್ಟಿ ಆಣೆ ಮಾಡಬೇಕು. ಕಂಬಳಿ ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ. ಅದಕ್ಕೆ ಕತ್ತರಿ ತಾಗಬಾರದು. ಇದು ನಮ್ಮ ಮನೆಯ ರೀತಿ, ಸೊಸೆಯಾಗಿ ಬಂದ ದಿನವೇ ಅತ್ತೆ ಮಾಳವ್ವ ನನಗೆ ಹೇಳಿಕೊಟ್ಟದ್ದು.

ಆ ಬೇಸಿಗೆಯಲ್ಲಿ ಚೋರನೂರಿನ ಮನೆಯ ಮಣ್ಣಿನ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸುತ್ತಿದ್ದರು. ಹಾಲೇಶ ಆಗ ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಮನಸ್ಸು ಹಾಲಿನಂಥದ್ದು, ಆದರೆ ಕುಡಿತ. ಒಮ್ಮೆ ಕುಡಿತಕ್ಕೆಂದು ಅವ್ವನ ತಾಮ್ರದ ಹಂಡೆ ಮಾರಿಬಂದಿದ್ದ. ಅವತ್ತಿನಿಂದ ಮನೆಯಲ್ಲಿ ಚಮಚ ಕಾಣದಿದ್ದರೂ ಎಲ್ಲರೂ ಅವನ ಕಡೆಗೇ ನೋಡುತ್ತಿದ್ದರು.

ಅವನು ಒಂದು ಮಧ್ಯಾಹ್ನ ಟಿಪ್ಪರ್ ನಿಲ್ಲಿಸಿ, ಬಿಳಿ ಪಂಚೆಯಲ್ಲಿ ಸುತ್ತಿದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದ. ಕಣ್ಣು ಕೆಂಪಗಿದ್ದವು, ಬಾಯಿ ವಾಸನೆ ಬರುತ್ತಿತ್ತು.

'ಅತ್ತಿಗಿ, ಹಿಡಿ. ಅವ್ವ ಕಳಿಸ್ಯಾಳ. ಅಲ್ಲಿ ಮಣ್ಣು ಬೀಳ್ತೈತಿ, ನಿಮ್ಮ ಜಗಲಿ ಮ್ಯಾಲ ಇಡಬೇಕಂತ.'

'ಚಾ ಕುಡದು ಹೋಗೋ.'

'ಬ್ಯಾಡ, ಲೋಡ್ ಐತಿ' ಎಂದವನೇ ಹೊರಟುಹೋದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮೊದಲು ಬರೀ ನೋಡೋಣ ಎಂದು ಗಂಟು ಬಿಚ್ಚಿದೆ. ಆಮೇಲೆ ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಹುಣಸೆ ಬೀಜದ ಗಂಜಿ ಕುಡಿಸಿ ನೇಯ್ದ ಕಂಬಳಿ ಅದು. ಹಳೆಯದಾಗಿ ಮೆತ್ತಗಾಗಿತ್ತು, ಆದರೆ ಬಿಗಿ ಹೋಗಿರಲಿಲ್ಲ. ಬೆನ್ನ ಮೇಲೆ ಒಂದು ಮಡಿಕೆ ಹಿಡಿದು ಕೈ ಬಿಟ್ಟೆ. ನಿಂತಿತು! ಪುಸ್ತಕದಲ್ಲಿ ಇದ್ದ ಹಾಗೆಯೇ, ಕುತ್ತಿಗೆಯಿಂದ ಅಂಚಿನವರೆಗೂ ನಿಂತಿತು. ಆಗಲೇ ಮಡಚಿ ಜಗಲಿಯ ಮೇಲೆ ಇಟ್ಟಿದ್ದರೆ...

ಇಡಲಿಲ್ಲ. ಆ ಕಂಬಳಿ ಎರಡು ಪಟ್ಟಿಗಳನ್ನು ನಡುವೆ ಕೂಡಿಸಿ ಹೊಲಿದದ್ದು. ಹೊಲಿಗೆ ಬಿಚ್ಚಿದರೆ ಕತ್ತರಿ ತಾಗಿಸಿದ ಹಾಗಾಗುವುದಿಲ್ಲ, ಮತ್ತೆ ಕೂಡಿಸಿದರಾಯಿತು — ಎಂದು ನನಗೆ ನಾನೇ ಪಂಚಾಯ್ತಿ ಮಾಡಿಕೊಂಡೆ. ಬಿಚ್ಚಿದೆ. ಭುಜಕ್ಕೆ ಹಾಕಿದೆ, ಪಿನ್ನು ಚುಚ್ಚಿದೆ. ಎಷ್ಟೋ ದಿನ ಹಾಗೇ ಹಾಕುವುದು, ತೆಗೆಯುವುದು. ಆದರೆ ತೋಳು ಕೂಡಿಸಲು ಕಂಕುಳು ಕತ್ತರಿಸದೆ ಕೋಟಾಗುವುದಿಲ್ಲ. ಕೊನೆಗೊಂದು ದಿನ ಕತ್ತರಿ ತೆಗೆದುಕೊಂಡೆ. ಕೈ ನಡುಗಿತು ಎಂದು ಹೇಳಿದರೆ ನಿಮಗೆ ಸಮಾಧಾನವಾದೀತು. ಆದರೆ ನಡುಗಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ನೇರವಾಗಿ ನಾನು ಯಾವ ಬಟ್ಟೆಯನ್ನೂ ಕತ್ತರಿಸಿಲ್ಲ.

ಕೋಟು ಚೆಂದಿತ್ತು. ಇದನ್ನೂ ಮುಚ್ಚಿಡುವುದಿಲ್ಲ. ಕಾಲರಿನ ಅಡಿಯಲ್ಲಿ ನಾನೂ ಸಾಲು ಸಾಲು ಕೈಹೊಲಿಗೆ ಹಾಕಿದೆ, ಯಾರಿಗೂ ಕಾಣದ ಹಾಗೆ. ಬಾಗಿಲ ಅಗುಳಿ ಹಾಕಿ, ಆ ರಣಬಿಸಿಲಿನ ಮಧ್ಯಾಹ್ನ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತೆ. ಬೆವರು ಧಾರೆಯಾಗಿ ಹರಿಯುತ್ತಿತ್ತು, ಬಿಚ್ಚಲು ಮನಸ್ಸಿಲ್ಲ. ಗಂಗಮ್ಮ ಎಂದರೆ ಬ್ಲೌಸಿನ ಹುಕ್ಕು ಎಂದುಕೊಂಡಿದ್ದ ಊರಲ್ಲಿ ನಾನು ಇದನ್ನು ಮಾಡಿದ್ದೆ. ಎಷ್ಟು ಹಿಗ್ಗಿದೆ ಅಂದರೆ, ಕಂಬಳಿ ಎಲ್ಲಿ ಎಂದು ಕೇಳುವವರು ಇದ್ದಾರೆ ಎಂಬುದೇ ಮರೆತುಹೋಯಿತು.

ಮಳೆಗಾಲದಲ್ಲಿ ಹಾಲೇಶನಿಗೆ ಕಂಪ್ಲಿಯಲ್ಲಿ ಹೆಣ್ಣು ಗೊತ್ತಾಯಿತು. ದೀಪಾವಳಿ ಕಳೆದ ಮೇಲೆ ಮದುವೆ ಎಂದರು. ಮದುವೆ ಎಂದರೆ ಕಂಬಳಿ ಹಾಸಲೇಬೇಕು. ಅದೇ ವಾರ ಸಾವ್ಕಾರರ ಸೊಸೆ ಬಂದಳು, ಗಿರಾಕಿಯದು ಎಂದು ಬೀರಪ್ಪನಿಗೆ ಹೇಳಿ ಪರದೆಯ ಹಿಂದೆ ನೇತುಹಾಕಿದ್ದ ಕೋಟನ್ನು ನೋಡಿಬಿಟ್ಟಳು.

'ಅಯ್ಯ! ಇದ್ಯಾವ ಡಿಸೈನರ್ದು ರೀ ಗಂಗಕ್ಕಾ?'

'ನಂದು ರೀ.'

'ಸುಳ್ಳು ಹೇಳಬ್ಯಾಡ್ರಿ!'

ಡಿಸೆಂಬರಿನಲ್ಲಿ ಹೊರದೇಶಕ್ಕೆ ಹೊರಟಿದ್ದೇನೆ, ನನಗೆ ಕೊಡಿ ಎಂದು ಹಟ ಹಿಡಿದಳು. ಕೊಟ್ಟುಬಿಟ್ಟೆ. ಕೋಟು ಮನೆಯಿಂದ ಆಚೆ ಹೋದರೆ ಸಾಕಾಗಿತ್ತು ನನಗೆ. ಆಮೇಲೆ ಅವಳು ಹಿಮದಲ್ಲಿ ನಿಂತು ತೆಗೆಸಿಕೊಂಡ ಫೋಟೋ ತೋರಿಸಿದಳು — ಸುತ್ತಲೂ ಬಿಳಿ, ನಡುವೆ ನಮ್ಮ ಚೋರನೂರಿನ ಕುರಿಗಳ ಕಪ್ಪು. ಎಲ್ಲಾ ಪಾಪದ ನಡುವೆಯೂ ನನಗೆ ಹೆಮ್ಮೆಯಾಯಿತು. ಹೆಮ್ಮೆಗೆ ನಾಚಿಕೆ ಎಲ್ಲಿಯದು.

ದೀಪಾವಳಿ ಮುಗಿಯಿತು. ಅತ್ತೆ ಬಂದರು, ಅವರ ಜೊತೆ ಹಾಲೇಶ, ಬೀರಪ್ಪನ ದೊಡ್ಡಪ್ಪ, ಇನ್ನಿಬ್ಬರು ನೆಂಟರು. ನೀರು ಕುಡಿದ ಮೇಲೆ ಅತ್ತೆ ಹೇಳಿದರು, 'ಗಂಗಿ, ಕಂಬಳಿ ತಗಿಯವ್ವ.'

ಆ ಕ್ಷಣದಲ್ಲಿ ಕಾಲಿಗೆ ಬಿದ್ದಿದ್ದರೆ ಬೈಯುತ್ತಿದ್ದರು, ಬೇಕಾದರೆ ಎರಡು ಹೊಡೆಯುತ್ತಿದ್ದರು. ಅಷ್ಟೇ ಆಗುತ್ತಿತ್ತು.

ನಾನು ಹೇಳಿದೆ, 'ಯಾವ ಕಂಬಳಿ ಅತ್ತಿ? ಹಾಲೇಶ ನನಗ ಏನೂ ಕೊಟ್ಟಿಲ್ಲಲ್ಲ.'

ಅವನು ನಗುತ್ತಲೇ ಎದ್ದ. ತಮಾಷೆ ಎಂದುಕೊಂಡ, ಪಾಪ. 'ಏ ಅತ್ತಿಗಿ, ನಿನ್ನ ಕೈಯಾಗ ಕೊಟ್ಟೀನಲ್ಲ. ಚಾ ಕುಡಿ ಅಂದೀ ನೀನು.'

'ನೀ ಬಂದಿದ್ದಿ, ಖರೆ. ಚಾ ಕುಡಿ ಅಂದಿದ್ದೂ ಖರೆ. ನಿನ್ನ ಕೈಯಾಗ ಗಂಟಿರಲಿಲ್ಲ. ಭಾಳ ಕುಡದಿದ್ದಿ ಅವತ್ತು.'

ಸುಳ್ಳಿಗೆ ಅರ್ಧ ಸತ್ಯ ಬೆರೆಸಿದರೆ ಅದಕ್ಕೆ ಎಂಥ ಗಟ್ಟಿ ಬರುತ್ತದೆ ನೋಡಿ. ಹಾಲೇಶನ ನಗು ನಿಂತಿತು. 'ಇಲ್ಲ, ನಾ ಕೊಟ್ಟೀನಿ. ಬೇಕಾದ್ರ ಕಂಬಳಿ ಮುಟ್ಟಿ ಆಣಿ ಮಾಡ್ತೀನಿ!' ಎಂದ.

'ಯಾವ ಕಂಬಳಿ ಮುಟ್ಟತೀಯಲೇ?' ಎಂದರು ದೊಡ್ಡಪ್ಪ. 'ಅದನ್ನ ಕಳದು ನಿಂತೀಯಲ್ಲ!'

ಎಲ್ಲರೂ ನಕ್ಕರು. ಯಾರೋ, ಹುಟ್ಟುಗುಣ ಸುಟ್ಟರೂ ಹೋಗದು ಎಂದರು. ಹಾಲೇಶ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಕಣ್ಣು ತಪ್ಪಿಸಲಿಲ್ಲ — ತಪ್ಪಿಸಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಕೊನೆಗೆ ಅವನೇ ತಲೆ ತಗ್ಗಿಸಿದ. 'ಇರಬೋದು. ದಾಬಾದಾಗ ಬಿಟ್ಟೆನೇನ...' ಎಂದ. ಆಮೇಲೆ ಸಂಡೂರಿನ ದಾರಿಯ ಒಂದೊಂದು ದಾಬಾಕ್ಕೂ ಹೋಗಿ, ಕರಿ ಕಂಬಳಿ ನೋಡೀರೇನು ಎಂದು ಕೇಳುತ್ತ ಅಲೆದನಂತೆ. ನಾನು ಅವನ ಹೆಸರು ಕೆಡಿಸಿದ್ದಷ್ಟೇ ಅಲ್ಲ. ಅವನ ನೆನಪಿನ ಮೇಲೆ ಅವನಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ.

ಕೊಂಡು ತಂದ ಕಂಬಳಿಯ ಮೇಲೆ ಅವನ ಮದುವೆಯಾಯಿತು. ಅವನು ಕುಡಿತ ಬಿಟ್ಟ. ತೋರಣಗಲ್ಲಿಗೆ ಕಾರ್ಖಾನೆಯ ಪಾಳಿಯ ಜನರನ್ನು ಕರೆದೊಯ್ಯುವ ಬಸ್ಸು ಓಡಿಸತೊಡಗಿದ. ನನ್ನ ಸುಳ್ಳಿನಿಂದಲೇ ಅವನ ಬಾಳು ನೆಟ್ಟಗಾಯಿತಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಹೇಳಿಕೊಂಡೆ. ಎಂಥ ಹೊಲಸು ಸಮಾಧಾನ! ಬಸ್ಸಿನ ತುಂಬ ಜನ ತಮ್ಮ ಜೀವ ಅವನ ಕೈಯಲ್ಲಿ ಕೊಟ್ಟು ನಿದ್ದೆ ಹೋಗುತ್ತಿದ್ದರು, ಮನೆಯಲ್ಲಿ ಮಾತ್ರ ಯಾರೂ ಅವನ ಕೈಗೆ ಒಂದು ತೆಂಗಿನಕಾಯಿ ಕೊಡುತ್ತಿರಲಿಲ್ಲ.

ಅತ್ತೆ ಹಾಸಿಗೆ ಹಿಡಿದಾಗ ತಮ್ಮ ಕೊರಳ ಸರವನ್ನು, ಬೆಂಡೋಲೆಯನ್ನು ಬಿಚ್ಚಿ ನನ್ನ ಮಡಿಲಿಗೆ ಹಾಕಿದರು. ಹಾಲೇಶ ಅಲ್ಲೇ ಕಾಲೊತ್ತುತ್ತ ಕೂತಿದ್ದ. 'ನೀನ ಇಟ್ಕೊ ಗಂಗಿ, ಅವನ ಪಾಲು ಆಮ್ಯಾಲ ಕೊಡು. ನೀ ಕಳಿಯಾಕಿ ಅಲ್ಲ' ಎಂದರು. ಅವನು ಕಾಲೊತ್ತುವುದನ್ನು ನಿಲ್ಲಿಸಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಅತ್ತೆ ಹಾಗೆಯೇ ಹೋದರು, ಮಗ ಕಳೆದವನು, ಸೊಸೆ ಕಾಯುವವಳು ಎಂದು ತಿಳಿದುಕೊಂಡೇ. ಇದಕ್ಕೆ ಮಾತ್ರ ಇನ್ನು ಯಾವ ದಾರಿಯೂ ಇಲ್ಲ.

ಈ ವರ್ಷ ಅವನ ಮಗಳಿಗೆ ಗಂಡು ಗೊತ್ತಾಯಿತು. ಒಂದು ಬೆಳಗ್ಗೆ ಬಂದ, ಮಗಳಿಗೆಂದು ಮಾಡಿಸಿದ ಒಡವೆಯ ಗಂಟನ್ನು ನನ್ನ ಮಷಿನ್ನಿನ ಮೇಲೆ ಇಟ್ಟ.

'ಮದಿವಿ ತನಕ ನಿನ್ನ ಹತ್ರ ಇರ್ಲಿ ಅತ್ತಿಗಿ. ನನ್ನ ಕೈಯಾಗ ಏನೂ ನಿಲ್ಲಂಗಿಲ್ಲ, ನಿನಗ ಗೊತ್ತಲ್ಲ.'

ಹೇಳಿ ನಕ್ಕ. ತನ್ನ ಬಗ್ಗೆ ತಾನೇ ಮಾಡಿಕೊಳ್ಳುವ ಹಳೆಯ ತಮಾಷೆ ಅದು, ಮನೆಯವರೆಲ್ಲ ನಗುತ್ತಿದ್ದದ್ದು. ಅವತ್ತು ನನಗೆ ತಡೆಯಲಾಗಲಿಲ್ಲ. ಕಟ್ಟೆ ಒಡೆದ ಹಾಗೆ ಬಂತು — ಪುಸ್ತಕ, ಕೋಟು, ಕತ್ತರಿ, ಸುಳ್ಳು, ಎಲ್ಲಾ. ಎಲ್ಲಿಂದ ಶುರು ಮಾಡಿದೆ, ಎಲ್ಲಿ ಮುಗಿಸಿದೆ, ಗೊತ್ತಿಲ್ಲ.

ಅವನು ಮಷಿನ್ನಿನ ಎದುರಿನ ಸ್ಟೂಲಿನ ಮೇಲೆ ಕೂತ. ಆಮೇಲೆ ಕೇಳಿದ, 'ಹಂಗಾದ್ರ... ನಾ ಅವತ್ತು ಕೊಟ್ಟಿದ್ದೆ?'

'ಕೊಟ್ಟಿದ್ದಿ.'

'ನಿನ್ನ ಕೈಗೇ?'

'ನನ್ನ ಕೈಗೇ. ಎರಡೂ ಕೈಯಾಗ ಹಿಡದು ಕೊಟ್ಟಿದ್ದಿ.'

'ಬಿಳಿ ಪಂಚಿ ಸುತ್ತಿತ್ತು' ಎಂದ. 'ನನಗ ನೆನಪ ಐತಿ. ನನಗ ನೆನಪ ಇತ್ತು ಅತ್ತಿಗಿ!' ಎಂದು ಎರಡು ಸಲ ಹೇಳಿದ. ಐವತ್ತರ ಹತ್ತಿರದ ಗಂಡಸು, ಮಷಿನ್ನಿನ ಮೇಲೆ ತಲೆ ಇಟ್ಟು ಅತ್ತ. ಬೈಗುಳಕ್ಕೆ ತಯಾರಾಗಿದ್ದವಳು ನಾನು, ಅಳುವಿಗೆ ಅಲ್ಲ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಟನ್ನು ಮಷಿನ್ನಿನ ಮೇಲೇ ಬಿಟ್ಟು ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ:

'ಅವತ್ತು ಎಲ್ಲಾರ ಮುಂದ ಅಂದೀ. ಈಗೂ ಎಲ್ಲಾರ ಮುಂದ ಅನ್ನಬೇಕು.'

ಮೊದಲು ಬೀರಪ್ಪನಿಗೆ ಹೇಳಿದೆ. ಅವನು ಊಟದ ತಟ್ಟೆ ಸರಿಸಿ ಎದ್ದು ಹೋದ. ಇವತ್ತಿಗೂ ನನ್ನ ಜೊತೆ ಅವನ ಮಾತು ಅಷ್ಟಕ್ಕಷ್ಟೇ. ಇರಲಿ. ನ್ಯಾಯವೇ. ಆದರೂ ಸುಳ್ಳು ಹೇಳಲಾರೆ — ಆ ದಿನದಿಂದ ನನಗೆ ಹಸಿವಾಗುತ್ತಿದೆ, ನಿದ್ದೆ ಬರುತ್ತಿದೆ. ಬಾಗಿಲಲ್ಲಿ ಹಾಲೇಶನ ದನಿ ಕೇಳಿದರೆ ಎದೆ ಹಾರುವುದಿಲ್ಲ. ಮೊನ್ನೆ ಮಷಿನ್ ತುಳಿಯುತ್ತ ನನಗೆ ಗೊತ್ತಿಲ್ಲದೆಯೇ ಹಾಡು ಗುನುಗುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ನನ್ನ ದನಿ ನನಗೇ ಕೇಳಿಸಿತು.

ಮದುವೆಯ ಹಿಂದಿನ ದಿನ ಕಲ್ಯಾಣ ಮಂಟಪದಲ್ಲಿ ನೆಂಟರೆಲ್ಲ ಸೇರಿದ್ದರು. ದೊಡ್ಡಪ್ಪ ಈಗ ಹಣ್ಣು ಮುದುಕ, ಆದರೆ ಕಿವಿ ಚುರುಕು. ನಾನು ಎದ್ದು ನಿಂತೆ. ಕಾಲು ನಡುಗಿದವು — ಇದಕ್ಕೆ ನಡುಗಿದವು. 'ಕಂಬಳಿ ಹಾಲೇಶ ಕಳದಿಲ್ಲ. ನಾ ಕತ್ತರಿಸೀನಿ. ಅವ ಕೊಟ್ಟಿಲ್ಲ ಅಂತ ನಾ ಸುಳ್ಳು ಹೇಳೀನಿ' ಎಂದೆ. ಕಡೆಯ ಸಾಲಿನವರಿಗೂ ಕೇಳುವ ಹಾಗೆ. ಯಾಕೆ, ಹೇಗೆ ಎಂದು ಒಂದೂ ಹೇಳಲಿಲ್ಲ. ಕೋಟು ಎಷ್ಟು ಚೆಂದಿತ್ತು ಎಂದಂತೂ ಹೇಳಲಿಲ್ಲ. ಒಬ್ಬಿಬ್ಬರು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಒಬ್ಬಳು ನನ್ನ ಪಕ್ಕದಿಂದ ಎದ್ದು ಬೇರೆ ಕಡೆ ಹೋಗಿ ಕೂತಳು.

ದೊಡ್ಡಪ್ಪ ನನ್ನನ್ನು ನೋಡಲೂ ಇಲ್ಲ. ಕೋಲು ಊರಿಕೊಂಡು ಎದ್ದರು. ನನ್ನ ಕೈಯಲ್ಲಿದ್ದ ಒಡವೆಯ ಗಂಟನ್ನು ಕೈ ಚಾಚಿ ಇಸಿದುಕೊಂಡರು. 'ಹಾಲೇಶಾ, ಬಾರಪಾ ಇಲ್ಲಿ. ಹಿಡಿ, ನೀನ ಇಟ್ಕೊ' ಎಂದರು. ಅವನು ಹೆಗಲ ಮೇಲಿನ ಟವೆಲ್ಲನ್ನು ಎರಡೂ ಕೈಯಲ್ಲಿ ಚಾಚಿ, ಅದರಲ್ಲಿ ಗಂಟನ್ನು ಇಸಿದುಕೊಂಡು ಎದೆಗೆ ಒತ್ತಿಕೊಂಡ.

ಮರುದಿನ ಮದುವೆಯಲ್ಲಿ ಎಲ್ಲರೂ ಅವನನ್ನೇ ಕರೆಯುತ್ತಿದ್ದರು. ಹಾಲೇಶಾ, ಉಂಗುರ ಕೊಡು. ಹಾಲೇಶಾ, ಹುಡುಗಿ ಸರ ತಾ. ಹಾಲೇಶಾ, ಆ ರೊಕ್ಕದ ಚೀಲ ನೀನ ಹಿಡಕೊ. ಅವನು ಅತ್ತಿಂದಿತ್ತ ಓಡಾಡುತ್ತ, ನಡುನಡುವೆ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ನನ್ನ ಕೈಗೆ ಯಾರೂ ಏನೂ ಕೊಡಲಿಲ್ಲ. ನಾನು ಕೊನೆಯ ಸಾಲಿನ ಕುರ್ಚಿಯಲ್ಲಿ, ಖಾಲಿ ಕೈಯಲ್ಲಿ ಕೂತು ಕಣ್ತುಂಬ ಮದುವೆ ನೋಡಿದೆ.